ಮನೆ ಬಾಗಿಲಿಗೆ ಗಾಂಜಾ ಔಷಧ: ಯಾವುದು ಬರಬಹುದು, ಯಾವುದು ಬರಬಾರದು



ಕೊಳೆರೋಗ, ಬೋರ್ಡೋ ದ್ರಾವಣ, ಕಾಫಿಯ ಕಾಯಿಕೊರಕ, ಪೇಟೆಯ ಧಾರಣೆ, ಈ ಪುಟದಲ್ಲಿ ಸಾಮಾನ್ಯವಾಗಿ ನಾನು ಬರೆಯುವುದು ಇಂಥ ವಿಷಯಗಳನ್ನು. ಈ ಸಲದ ವಿಷಯ ಬೇರೆ. ಅದನ್ನು ನಾನು ಆರಿಸಿದ್ದಲ್ಲ, ಸಂಘದ ಕಚೇರಿಗೆ ತಾನಾಗಿಯೇ ನಡೆದು ಬಂದದ್ದು.

ಕಳೆದ ಮಳೆಗಾಲದಲ್ಲಿ ಜೋಯಿಡಾ ಕಡೆಯ ನಮ್ಮ ಸದಸ್ಯರೊಬ್ಬರು ಕಚೇರಿಗೆ ಬಂದರು. ಎರಡು ಎಕರೆ ಅಡಿಕೆ, ಅದರ ನಡುವೆ ಕಾಫಿ, ಮೆಣಸು ಮಾಡಿಕೊಂಡವರು. ಅವರ ಅಣ್ಣನಿಗೆ ಗಂಟಲಿನ ಕ್ಯಾನ್ಸರ್. ಪೇಟೆಯ ಆಸ್ಪತ್ರೆಯಲ್ಲಿ ಚಿಕಿತ್ಸೆ ಮುಗಿದು, ಇನ್ನು ಮನೆಯಲ್ಲೇ ಇರಲಿ ಎಂದು ಕಳಿಸಿದ್ದರಂತೆ. ಅಣ್ಣನ ಜೊತೆಗೆ ನೋವೂ ಮನೆಗೆ ಬಂದಿತ್ತು. ರಾತ್ರಿ ಆ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಅವರು ತಮ್ಮ ಮೊಬೈಲನ್ನು ನನ್ನ ಮೇಜಿನ ಮೇಲಿಟ್ಟು ಒಂದು ಜಾಹೀರಾತು ತೋರಿಸಿದರು. ಗಾಂಜಾ ಎಣ್ಣೆಯಂತೆ, ಕ್ಯಾನ್ಸರಿಗೆ ರಾಮಬಾಣವಂತೆ. ಡಾಕ್ಟರ ಚೀಟಿ ಬೇಡ, ಹಣ ಮೊದಲು ಕೊಡಬೇಕು, ಬಾಟಲಿಯನ್ನು ಹುಬ್ಬಳ್ಳಿಯಲ್ಲಿ ಕೈಗೆ ಕೊಡುತ್ತಾರೆ. ಅವರ ಪ್ರಶ್ನೆ ಇಷ್ಟೇ: "ಸೆಕ್ರೆಟರಿಯವರೇ, ಇದನ್ನ ನಮ್ಮ ಸಂಘದ ಗಾಡಿಲಿ ತರಿಸ್ಲಕ್ಕಾ?"

ವಾರಕ್ಕೊಮ್ಮೆ ನಮ್ಮ ಗಾಡಿ ದಾಂಡೇಲಿ, ಹಳಿಯಾಳದ ಮೇಲೆ ಹುಬ್ಬಳ್ಳಿಗೆ ಹೋಗುವುದು ತಮಗೆಲ್ಲ ತಿಳಿದಿದೆ. ಮೈಲುತುತ್ತ, ಪಂಪಿನ ಬಿಡಿಭಾಗ, ಗೊಬ್ಬರದ ಜೊತೆಗೆ ಸದಸ್ಯರ ಮನೆಯ ಬಿ.ಪಿ. ಮಾತ್ರೆ, ಸಕ್ಕರೆ ಕಾಯಿಲೆಯ ಔಷಧಗಳೂ ಅದರಲ್ಲೇ ಬರುತ್ತವೆ. ಅಣಶಿಯ ಆಚೆ ಈಚೆ, ಕಾಡಿನೊಳಗಿನ ಮಜರೆಗಳಿಗೆ ಕೊರಿಯರಿನವನು ಬರುವುದಿಲ್ಲ. ಮೊಬೈಲಿಗೆ ಸಿಗ್ನಲ್ ಸಿಗುವುದೇ ಕಷ್ಟ. ಹೀಗಿರುವಾಗ ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನು ಬೇಡ ಎಂದೆ. ಏಕೆ ಬೇಡ ಎಂದು ಅವರು ಕೇಳಿದಾಗ ಸರಿಯಾಗಿ ವಿವರಿಸಲು ನನ್ನಿಂದ ಆಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ಡ್ರೈವರ್ ಹುಡುಗ ಮಾತ್ರ, "ಸಿಕ್ಕಿಬಿದ್ದರೆ ಒಳಗೆ ಹೋಗೋನು ನಾನಲ್ವಾ?" ಎಂದ. ಆಮೇಲೆ ಕಾಯ್ದೆಯ ಪುಸ್ತಕ ತರಿಸಿ ಓದಿದೆ, ವಕೀಲರನ್ನೂ ವೈದ್ಯರನ್ನೂ ಕಂಡು ಕೇಳಿದೆ. ಅಂದು ಹೇಳಲಾಗದ್ದನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ.

ಒಂದೇ ಗಿಡ, ಎರಡು ಲೆಕ್ಕ

ನಮ್ಮ ದೇಶದಲ್ಲಿ ಈ ಗಿಡವನ್ನು ಆಳುವ ಮುಖ್ಯ ಕಾಯ್ದೆ 1985ರ ಮಾದಕ ದ್ರವ್ಯ ಮತ್ತು ಮನೋಪ್ರಭಾವಿ ವಸ್ತುಗಳ ಕಾಯ್ದೆ. ಎಲ್ಲರೂ ಎನ್‌ಡಿಪಿಎಸ್ ಎನ್ನುವುದು ಇದನ್ನೇ. ಅದು ಜಾರಿಗೆ ಬಂದದ್ದು 1985ರ ನವೆಂಬರ್ 14ರಂದು. ಈ ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ಗಿಡದಿಂದ ಬೇರ್ಪಡಿಸಿದ ಅಂಟು ಚರಸ್. ಆ ಅಂಟನ್ನು ಸಾಂದ್ರಗೊಳಿಸಿ ಮಾಡಿದ ಎಣ್ಣೆಯೂ ಕಾಯ್ದೆಯ ಲೆಕ್ಕದಲ್ಲಿ ಚರಸ್ಸೇ. ತುದಿಯ ಜೊತೆಗಿರದ ಬರಿಯ ಎಲೆ ಮತ್ತು ಬೀಜ ಗಾಂಜಾ ಎಂಬ ವ್ಯಾಖ್ಯೆಯಿಂದ ಹೊರಗೆ ಉಳಿದಿವೆ. ನಮ್ಮ ಹಿರಿಯರು ಭಂಗಿ ಸೊಪ್ಪು ಎನ್ನುತ್ತಿದ್ದದ್ದು ಈ ಎಲೆಯನ್ನು.

ಎಲೆಗೆ ಈ ವಿನಾಯಿತಿ ಬಂದದ್ದು ಹೇಗೆ? 1961ರ ಅಂತಾರಾಷ್ಟ್ರೀಯ ಒಪ್ಪಂದದಲ್ಲಿಯೇ ಎಲೆ ಮತ್ತು ಬೀಜವನ್ನು ಆ ವ್ಯಾಖ್ಯೆಯಿಂದ ಬಿಟ್ಟಿದ್ದರು. ಭಾರತ ಅದೇ ಗೆರೆಯನ್ನು ತನ್ನ ಕಾಯ್ದೆಯಲ್ಲಿಯೂ ಎಳೆಯಿತು. ಕರ್ನಾಟಕ ಹೈಕೋರ್ಟು 2022ರಲ್ಲಿ ಒಂದು ಜಾಮೀನು ಅರ್ಜಿಯ ವಿಚಾರಣೆಯಲ್ಲಿ, ಭಂಗಿಯನ್ನು ಎನ್‌ಡಿಪಿಎಸ್ ಕಾಯ್ದೆ ನಿಷೇಧಿಸಿಲ್ಲ ಎಂದು ಹೇಳಿದ್ದನ್ನು ಪತ್ರಿಕೆಗಳಲ್ಲಿ ತಾವು ಓದಿರಬಹುದು. ಅದನ್ನು ಓದಿದ ಕೆಲವರು ಇನ್ನು ಅಡ್ಡಿಯಿಲ್ಲ ಎಂದುಕೊಂಡಿದ್ದಾರೆ. ಅದು ಸರಿಯಲ್ಲ. ಎಲೆಯ ಮೇಲಿನ ಹತೋಟಿ ರಾಜ್ಯದ ಅಬಕಾರಿ ಕಾನೂನಿನ ಕೈಯಲ್ಲಿದೆ. ಅಲ್ಲದೆ ಪೊಟ್ಟಣದಲ್ಲಿರುವುದು ಬರಿಯ ಎಲೆಯೋ, ತುದಿ ಸೇರಿದ್ದೋ ಎಂಬುದು ಪ್ರಯೋಗಾಲಯದ ವರದಿ ಬಂದ ಮೇಲೆ ತಿಳಿಯುವ ಮಾತು. ಅಲ್ಲಿಯವರೆಗೆ ತಂದವನ ಪಾಡೇನು ಎಂದು ಯೋಚಿಸಬೇಕು.

ಶಿಕ್ಷೆಯನ್ನೂ ತಿಳಿದಿರಲಿ. ಗಾಂಜಾದಲ್ಲಿ 1 ಕಿಲೋವರೆಗೆ ಸಣ್ಣ ಪ್ರಮಾಣ; 20 ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣ. ಚರಸ್ಸಿಗೆ ಈ ಅಳತೆಗಳು 100 ಗ್ರಾಂ ಮತ್ತು 1 ಕಿಲೋ. ಸಣ್ಣ ಪ್ರಮಾಣಕ್ಕೆ 1 ವರ್ಷದವರೆಗೆ ಸೆರೆವಾಸ, 10 ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ. ಅದಕ್ಕೂ ವಾಣಿಜ್ಯ ಪ್ರಮಾಣಕ್ಕೂ ನಡುವಿನದಕ್ಕೆ 10 ವರ್ಷದವರೆಗೆ ಕಠಿಣ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠವೇ 10 ವರ್ಷ. ಇಟ್ಟುಕೊಂಡವನು, ಮಾರಿದವನು, ಸಾಗಿಸಿದವನು ಎಂಬ ಭೇದ ಇಲ್ಲಿಲ್ಲ. ಅಂದರೆ ನಮ್ಮ ಡ್ರೈವರ್ ಹುಡುಗ ಹೇಳಿದ್ದು ಸರಿಯಾಗಿಯೇ ಇತ್ತು.

"ಔಷಧಕ್ಕೆ" ಎಂದರೆ ಸಾಕೇ?

ಬಹಳ ಜನರ ನಂಬಿಕೆ ಇದು: ರೋಗಿಗಾಗಿ ತಂದದ್ದಾದರೆ ಕಾನೂನು ಕಣ್ಣು ಮುಚ್ಚುತ್ತದೆ. ಕಾಯ್ದೆಯ 8ನೆಯ ಕಲಮಿನಲ್ಲಿ ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಕ್ಕೆ ಅವಕಾಶವಿರುವುದು ನಿಜ. ಆದರೆ ಅದರ ಜೊತೆಯಲ್ಲೇ ಇನ್ನೊಂದು ಮಾತಿದೆ. ಆ ಉದ್ದೇಶವೂ ಕಾಯ್ದೆ ಮತ್ತು ನಿಯಮಗಳು ಹೇಳಿದ ರೀತಿಯಲ್ಲಿ, ಹೇಳಿದ ಮಿತಿಯಲ್ಲಿ, ಪರವಾನಗಿ ಬೇಕೆಂದಲ್ಲಿ ಪರವಾನಗಿ ಪಡೆದು ನಡೆಯಬೇಕು. ಮರ ಕಡಿಯುವ ಉದಾಹರಣೆ ತೆಗೆದುಕೊಳ್ಳಿ. ಮನೆ ಕಟ್ಟಲಿಕ್ಕೆ ಎಂದು ಹೇಳಿದ ಮಾತ್ರಕ್ಕೆ ಸೊಪ್ಪಿನ ಬೆಟ್ಟದ ಮರಕ್ಕೆ ಪಾಸು ಸಿಕ್ಕಿದಂತಾಗುವುದಿಲ್ಲ. ಇಲ್ಲಿಯೂ ಹಾಗೆಯೇ. ಸದುದ್ದೇಶಕ್ಕೂ ಕಾಗದ ಬೇಕು.

ಮಕ್ಕಳು ಪರದೇಶದಲ್ಲಿರುವ ಮನೆಗಳು ನಮ್ಮಲ್ಲಿ ಸಾಕಷ್ಟಿವೆ. ಅಲ್ಲಿ ಅಂಗಡಿಯಲ್ಲೇ ಸಿಗುವ ಎಣ್ಣೆಯನ್ನೋ, ಜಗಿಯುವ ಮಿಠಾಯಿಯಂಥ ಗುಳಿಗೆಯನ್ನೋ ತಾಯಿಯ ಮಂಡಿನೋವಿಗೆ ಎಂದು ಪಾರ್ಸೆಲ್ ಮಾಡುವ ಯೋಚನೆ ಕೆಲವರಿಗೆ ಬರುವುದುಂಟು. ಅಲ್ಲಿ ಅದು ಕಾನೂನುಬದ್ಧವಾಗಿದ್ದರೂ ನಮ್ಮ ಗಡಿಯೊಳಗೆ ಬಂದಾಗ ಆಮದಾಗುತ್ತದೆ. ಆಮದಿಗೆ 23ನೆಯ ಕಲಮು ಇದೆ. ಪಾರ್ಸೆಲಿನ ಮೇಲೆ ವಿಳಾಸ ಇರುವುದು ತಾಯಿಯದು. ಮಕ್ಕಳಿಗೆ ಈ ಮಾತನ್ನು ಫೋನಿನಲ್ಲಿ ಮೊದಲೇ ತಿಳಿಸಿ.

ಪರದೇಶದಲ್ಲಿ ಮನೆಗೆ ಮುಟ್ಟಿಸುವ ಕ್ರಮ

ಹಾಗಾದರೆ ಅಲ್ಲಿ ರೋಗಿಯ ಮನೆಗೆ ಇದನ್ನು ಮುಟ್ಟಿಸುವುದು ಹೇಗೆ? ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯ 1996ರಲ್ಲಿಯೇ ವೈದ್ಯಕೀಯ ಬಳಕೆಗೆ ಅವಕಾಶ ಕೊಟ್ಟಿತು. ಅಲ್ಲಿನ ನಿಯಮಗಳನ್ನು ಓದಿದರೆ ಅದೇನೂ ಸಡಿಲವಾದ ವ್ಯವಸ್ಥೆಯಲ್ಲ ಎಂದು ಗೊತ್ತಾಗುತ್ತದೆ. ಪರವಾನಗಿ ಪಡೆದ ಅಂಗಡಿಯ ಸ್ವಂತ ನೌಕರನೇ ಅದನ್ನು ಒಯ್ಯಬೇಕು. ಅವನಿಗೆ 21 ವರ್ಷ ತುಂಬಿರಬೇಕು. ಡ್ರೋನಿನಿಂದ ಕಳಿಸುವಂತಿಲ್ಲ. ವಾಹನ ಎಲ್ಲಿದೆ ಎಂಬುದು ಅಂಗಡಿಗೆ ಯಾವಾಗಲೂ ತಿಳಿಯುವಂತಿರಬೇಕು. ನಿಜವಾದ ಮನೆಯ ವಿಳಾಸಕ್ಕೆ ಮುಟ್ಟಿಸಬೇಕು, ರಾಜ್ಯದ ಗಡಿ ದಾಟಿಸುವಂತಿಲ್ಲ. ಪಡೆಯುವವರ ಗುರುತಿನ ಚೀಟಿ ನೋಡಬೇಕು, ರಸೀದಿಗೆ ಸಹಿ ಪಡೆಯಬೇಕು. ಕೆಲವು ಊರುಗಳು ಈ ವಿತರಣೆಯನ್ನೇ ತಡೆದಿದ್ದವು. ಹಾಸಿಗೆ ಹಿಡಿದ ರೋಗಿ ಅಂಗಡಿಯವರೆಗೆ ಹೋಗುವುದು ಹೇಗೆ ಎಂಬ ಪ್ರಶ್ನೆ ಎದ್ದು, 2022ರಲ್ಲಿ ಆ ರಾಜ್ಯ ಹೊಸ ಕಾನೂನು ಮಾಡಿತು. 2024ರ ಜನವರಿ 1ರಿಂದ ಯಾವ ಊರಿನ ಆಡಳಿತವೂ ರೋಗಿಗಳಿಗೆ ಮನೆಗೆ ಮುಟ್ಟಿಸುವುದನ್ನು ನಿಷೇಧಿಸುವಂತಿಲ್ಲ.

ಕೆನಡಾದಲ್ಲಿ ಕ್ರಮ ಇನ್ನೊಂದು ಬಗೆಯದು. ಅಲ್ಲಿ ವೈದ್ಯರ ದಾಖಲೆ ಪಡೆದ ರೋಗಿ ಪರವಾನಗಿ ಇರುವ ಮಾರಾಟಗಾರರಲ್ಲಿ ಹೆಸರು ನೋಂದಾಯಿಸುತ್ತಾನೆ. ಔಷಧ ಅಂಚೆಯಲ್ಲಿ ನೇರವಾಗಿ ಅವನ ಹೆಸರಿಗೇ ಬರುತ್ತದೆ.

ಈ ಎರಡೂ ಕಡೆ ಒಂದು ಸಂಗತಿ ಸಮಾನವಾಗಿದೆ. ಬೆಳೆದವನಿಂದ ರೋಗಿಯ ಕೈವರೆಗೆ ಪ್ರತಿಯೊಂದು ಹಂತದಲ್ಲಿ ಒಬ್ಬ ಹೆಸರುಳ್ಳ ಮನುಷ್ಯ, ಒಂದು ಪರವಾನಗಿ, ಒಂದು ಸಹಿ ಇದೆ. ನಮ್ಮ ಸದಸ್ಯರ ಮೊಬೈಲಿನ ಜಾಹೀರಾತಿನಲ್ಲಿ ಇದ್ದದ್ದು ಒಂದು ಫೋನ್ ನಂಬರು ಮಾತ್ರ.

ನಮ್ಮಲ್ಲಿ ಇರುವ ದಾರಿ: ವಿಜಯಾ

ನಮ್ಮ ದೇಶದಲ್ಲಿ ಈ ಗಿಡದ ಔಷಧ ರೋಗಿಗೆ ಸಿಗುವ ಕಾನೂನುಬದ್ಧ ದಾರಿ ಆಯುರ್ವೇದದ್ದು. ಆಯುರ್ವೇದದಲ್ಲಿ ಇದರ ಹೆಸರು ವಿಜಯಾ, ಭಂಗಾ. ಹೊಟ್ಟೆಯ ತೊಂದರೆಗೆ ಕೊಡುವ ಜಾತಿಫಲಾದಿ ಚೂರ್ಣದಲ್ಲಿ ಇದು ಸೇರಿದೆ ಎಂಬುದು ವೈದ್ಯರಿಗೆಲ್ಲ ಗೊತ್ತು. ಔಷಧ ಮತ್ತು ಕಾಂತಿವರ್ಧಕಗಳ 1945ರ ನಿಯಮಾವಳಿಯಲ್ಲಿ ಇ-1 ಎಂಬ ಅನುಸೂಚಿಯಿದೆ. ಅದು ಆಯುರ್ವೇದ, ಸಿದ್ಧ, ಯುನಾನಿ ಪದ್ಧತಿಗಳಲ್ಲಿ ಬಳಸುವ ವಿಷ ದ್ರವ್ಯಗಳ ಪಟ್ಟಿ. ಬೀಜವನ್ನು ಬಿಟ್ಟು ಭಂಗಿ ಆ ಪಟ್ಟಿಯಲ್ಲಿದೆ. ಪಟ್ಟಿಯ ದ್ರವ್ಯ ಸೇರಿದ ಔಷಧವನ್ನು ವೈದ್ಯರ ನಿಗಾದಲ್ಲಿಯೇ ತೆಗೆದುಕೊಳ್ಳಬೇಕು ಎಂಬ ಎಚ್ಚರಿಕೆಯನ್ನು ಲೇಬಲಿನ ಮೇಲೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಅಚ್ಚು ಮಾಡಬೇಕು.

ಇಂಥ ಔಷಧ ತಯಾರಿಸಲು ಪರವಾನಗಿ ಬೇಕೇ ಬೇಕು. 2020ರ ಫೆಬ್ರವರಿಯಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ವಿಜಯಾ ಔಷಧಗಳಿಗೆಂದೇ ಒಂದು ಚಿಕಿತ್ಸಾಲಯ ತೆರೆಯಿತು. ಈಚೆಗೆ ಪರವಾನಗಿ ಪಡೆದ ಹಲವು ತಯಾರಕರು ವೈದ್ಯರ ಸಲಹೆ ಪಡೆದ ರೋಗಿಗೆ ಚೀಟಿ ನೋಡಿ ಕೊರಿಯರಿನಲ್ಲಿ ಕಳಿಸುತ್ತಿದ್ದಾರೆ. ಗಾಂಜಾ ಗಿಡದ ಔಷಧ ಮನೆಗೆ ಬರುವುದು ನಮ್ಮಲ್ಲಿ ಸಾಧ್ಯವಿದ್ದರೆ ಅದು ಈ ದಾರಿಯಲ್ಲಿ ಮಾತ್ರ. ಬಾಟಲಿ ಕೈಗೆ ಬಂದಾಗ ನೋಡಬೇಕಾದವು ಇವು:

1. ಆಯುರ್ವೇದ ಔಷಧ ಎಂಬ ಮಾತು, ತಯಾರಕರ ಹೆಸರು ಮತ್ತು ಪೂರ್ಣ ವಿಳಾಸ.
2. ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಾದ ದಿನಾಂಕ, ಅವಧಿ.
3. ಏನೇನು ಸೇರಿದೆ, ಎಷ್ಟೆಷ್ಟು ಎಂಬ ವಿವರ.
4. ಮೇಲೆ ಹೇಳಿದ ಎಚ್ಚರಿಕೆ.
5. ರೋಗಿಯ ಹೆಸರಿನ ಬಿಲ್ಲು.

ಇವುಗಳಲ್ಲಿ ಒಂದು ಇಲ್ಲದಿದ್ದರೂ ಅದನ್ನು ಮನೆಯೊಳಗೆ ಇಡಬೇಡಿ.

ಗುಣದ ಮಾತನ್ನೂ ನೇರವಾಗಿ ಹೇಳಬೇಕು. ಈ ಗಿಡದಿಂದ ಕ್ಯಾನ್ಸರ್ ವಾಸಿಯಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಕ್ಯಾನ್ಸರ್ ಔಷಧದಿಂದ ಬರುವ ವಾಂತಿಗೆ, ಕೆಲವು ನರರೋಗಗಳ ಸ್ನಾಯು ಬಿಗಿತಕ್ಕೆ ಪ್ರಯೋಜನ ಕಂಡಿದೆ. ಮಕ್ಕಳಲ್ಲಿ ಬರುವ ಎರಡು ಕಠಿಣ ಬಗೆಯ ಅಪಸ್ಮಾರಕ್ಕೆ ಸಿಬಿಡಿ ಎಂಬ ಅಂಶದಿಂದ ಮಾಡಿದ ಶುದ್ಧ ಔಷಧವನ್ನು ಅಮೆರಿಕದ ಔಷಧ ಇಲಾಖೆ 2018ರ ಜೂನ್‌ನಲ್ಲಿ ಒಪ್ಪಿತು. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಆಯೋಗವೂ ಗಾಂಜಾವನ್ನು ಅತಿ ಕಠಿಣ ಪಟ್ಟಿಯಿಂದ ಕೆಳಗಿಳಿಸಿತು. 27ಕ್ಕೆ 25ರ ಆ ಮತದಾನದಲ್ಲಿ ಭಾರತ ಪರವಾಗಿ ನಿಂತಿತು. ಹಾಗೆಂದು ಇದು ತುಳಸಿ ಕಷಾಯದಂಥದ್ದಲ್ಲ. ಗರ್ಭಿಣಿಯರು, ಮನೋರೋಗದ ಹಿನ್ನೆಲೆಯವರು, ಹೃದ್ರೋಗಿಗಳು ದೂರವಿರಬೇಕು. ರಕ್ತ ತೆಳುಮಾಡುವ ಮಾತ್ರೆ, ಅಪಸ್ಮಾರದ ಮಾತ್ರೆಗಳ ಜೊತೆ ಇದು ಹೊಂದದೆ ಹೋಗಬಹುದು. ತೆಗೆದುಕೊಂಡವರು ಬೈಕು ಓಡಿಸುವುದು, ಮರ ಹತ್ತುವುದು, ಕಳೆ ಕತ್ತರಿಸುವ ಯಂತ್ರ ಹಿಡಿಯುವುದು ಕೂಡದು. ಯಾವ ಔಷಧ ತೆಗೆದುಕೊಳ್ಳುತ್ತಿದ್ದೇವೆ ಎಂಬುದನ್ನು ಆಯುರ್ವೇದ ವೈದ್ಯರಿಗೂ ಅಲೋಪಥಿ ವೈದ್ಯರಿಗೂ ಬಚ್ಚಿಡದೆ ಹೇಳಬೇಕು.

ಇಂಗ್ಲಿಷ್ ಔಷಧ ಮನೆಗೆ ಬರುವ ನಿಯಮ

ಇತರ ಇಂಗ್ಲಿಷ್ ಔಷಧಗಳ ವಿಷಯಕ್ಕೆ ಬಂದರೆ, 2020ರ ಮಾರ್ಚ್ 26ರಂದು ಕೋವಿಡ್ ದಿಗ್ಬಂಧನದ ಮೊದಲ ವಾರದಲ್ಲಿ ಕೇಂದ್ರ ಆರೋಗ್ಯ ಮಂತ್ರಾಲಯ ಒಂದು ಅಧಿಸೂಚನೆ ಹೊರಡಿಸಿತು. ಪರವಾನಗಿ ಇರುವ ಔಷಧ ಅಂಗಡಿಯವರು ಚೀಟಿ ಪಡೆದು ಮನೆ ಬಾಗಿಲಿಗೆ ಔಷಧ ಮುಟ್ಟಿಸಬಹುದು ಎಂದು ಅದು ಹೇಳಿತು. ಷರತ್ತುಗಳು ಹೀಗಿದ್ದವು: ಚೀಟಿ ಕೈಯಲ್ಲಾಗಲಿ ಇ-ಮೇಲಿನಲ್ಲಾಗಲಿ ಬರಬೇಕು, ದೀರ್ಘ ಕಾಯಿಲೆಯಾದರೆ ಬರೆದ 30 ದಿನದೊಳಗೆ, ತಾತ್ಕಾಲಿಕ ಕಾಯಿಲೆಯಾದರೆ 7 ದಿನದೊಳಗೆ ಒಪ್ಪಿಸಬೇಕು, ಬಿಲ್ಲು ಕಳಿಸಿ ದಾಖಲೆ ಇಡಬೇಕು, ರೋಗಿ ಅದೇ ಕಂದಾಯ ಜಿಲ್ಲೆಯವನಾಗಿರಬೇಕು. ಮಾದಕ ಮತ್ತು ಮನೋಪ್ರಭಾವಿ ಔಷಧಗಳನ್ನು ಈ ಸೌಕರ್ಯದಿಂದ ಪೂರ್ತಿ ಹೊರಗಿಟ್ಟಿದ್ದರು. ಅದಕ್ಕೂ ಮೊದಲು, 2018ರ ಆಗಸ್ಟಿನ ಆನ್‌ಲೈನ್ ಔಷಧ ಮಾರಾಟದ ಕರಡು ನಿಯಮದಲ್ಲಿಯೂ ಇವು ಹೊರಗೇ ಇದ್ದವು.

ಆ ಕೊನೆಯ ಷರತ್ತನ್ನು ಗಮನಿಸಿ. ನಮ್ಮ ಜಿಲ್ಲಾ ಕೇಂದ್ರ ಕಾರವಾರ. ಆದರೆ ಹಳಿಯಾಳದವರ ಡಾಕ್ಟರು ಧಾರವಾಡದಲ್ಲಿ, ಮುಂಡಗೋಡದವರ ಡಾಕ್ಟರು ಹುಬ್ಬಳ್ಳಿಯಲ್ಲಿ, ದಾಂಡೇಲಿ ಜೋಯಿಡಾದವರದು ಅಲ್ಲಿ ಇಲ್ಲವೇ ಬೆಳಗಾವಿಯಲ್ಲಿ. ಬಸ್ಸು ಹೋಗುವ ದಿಕ್ಕಿಗೇ ರೋಗಿಯೂ ಹೋಗುತ್ತಾನೆ. ಚೀಟಿ ಒಂದು ಜಿಲ್ಲೆಯಲ್ಲಿ, ಮನೆ ಇನ್ನೊಂದು ಜಿಲ್ಲೆಯಲ್ಲಿ ಎಂದಾಗ ಪೇಟೆಯವರಿಗೆ ಸಿಕ್ಕ ಸೌಕರ್ಯ ಗಡಿಯ ನಾಲ್ಕು ತಾಲೂಕುಗಳಿಗೆ ಸಿಗುವುದಿಲ್ಲ. ಮುಂದೆ ಇಂಥ ನಿಯಮ ಮಾಡುವಾಗ ಈ ಸಂಗತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ನಮ್ಮ ಶಾಸಕರಿಗೂ ಸಂಸದರಿಗೂ ಸಂಘದಿಂದ ಮನವಿ ಕೊಡುವುದು ಉಚಿತ ಎಂದು ನನ್ನ ಅಭಿಪ್ರಾಯ. ಮುಂದಿನ ಸಾಮಾನ್ಯ ಸಭೆಯಲ್ಲಿ ವಿಷಯವನ್ನು ಮಂಡಿಸುತ್ತೇನೆ.

ಕಠಿಣ ನೋವಿಗೆ ಬೇರೆ ಔಷಧವಿದೆ

ಈಗ ಆ ಸದಸ್ಯರ ಮನೆಯ ಮಾತಿಗೆ ಬರೋಣ. ಅವರಿಗೆ ಬೇಕಾಗಿದ್ದದ್ದು ಗಾಂಜಾ ಅಲ್ಲ, ಅಣ್ಣನ ನೋವು ಕಡಿಮೆಯಾಗುವುದು. ಕ್ಯಾನ್ಸರಿನ ಕಠಿಣ ನೋವಿಗೆ ವೈದ್ಯಶಾಸ್ತ್ರದಲ್ಲಿ ಪರೀಕ್ಷೆಗೆ ನಿಂತು ಗೆದ್ದ ಔಷಧ ಮಾರ್ಫಿನ್. ಇದೂ ಅದೇ ಎನ್‌ಡಿಪಿಎಸ್ ಕಾಯ್ದೆಗೆ ಒಳಪಟ್ಟದ್ದು. ಹಿಂದೆ ಒಂದೊಂದು ರಾಜ್ಯದಲ್ಲಿ ಒಂದೊಂದು ಬಗೆಯ ಹಲವು ಪರವಾನಗಿ ಬೇಕಾಗಿ ಆಸ್ಪತ್ರೆಗಳೇ ಇದನ್ನು ಇಡಲು ಹಿಂಜರಿಯುತ್ತಿದ್ದವು. 2014ರಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದು ಅತ್ಯಗತ್ಯ ಮಾದಕ ಔಷಧ ಎಂಬ ಹೊಸ ವರ್ಗ ಮಾಡಿತು. 2015ರಲ್ಲಿ ಮಾರ್ಫಿನ್, ಫೆಂಟನಿಲ್, ಮೆಥಡೋನ್, ಕೊಡೀನ್, ಆಕ್ಸಿಕೊಡೋನ್, ಹೈಡ್ರೊಕೊಡೋನ್ ಎಂಬ 6 ಔಷಧಗಳನ್ನು ಅದಕ್ಕೆ ಸೇರಿಸಿದರು. ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದ ಆಸ್ಪತ್ರೆ ಇವನ್ನು ಇಟ್ಟು ರೋಗಿಗೆ ಕೊಡಬಹುದು. ತನಗೆಂದು ನಿಯಮಪ್ರಕಾರ ಒಂದು ಸಲಕ್ಕೆ ಕೊಟ್ಟಷ್ಟನ್ನು ರೋಗಿ ಇಟ್ಟುಕೊಳ್ಳಲು ಕಾನೂನಿನ ಒಪ್ಪಿಗೆಯಿದೆ.

ಆ ಸದಸ್ಯರಿಗೆ ಇದು ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಡಿಸ್‌ಚಾರ್ಜ್ ಮಾಡುವಾಗ ನೋವಿನ ಮಾತನ್ನು ಅವರಿಗೆ ಯಾರೂ ಹೇಳಿಯೂ ಇರಲಿಲ್ಲ. ನಾನು ಕೇಳಿದ ವೈದ್ಯರು, ಉಪಶಾಮಕ ಚಿಕಿತ್ಸೆ ಇರುವ ಕಡೆಗೆ ಹೋಗಿ ಕೇಳಿ ಎಂದು ದಾರಿ ತೋರಿಸಿದರು. ಅವರು ಮರುವಾರ ಹೋಗಿ ಅಣ್ಣನ ಕಾಗದಗಳನ್ನೆಲ್ಲ ತೋರಿಸಿ ಮಾತ್ರೆ ತಂದರು. ನಾಲ್ಕು ತಾಸಿಗೊಮ್ಮೆ ಕೊಡಬೇಕು. ಮಲಬದ್ಧತೆ ಆಗುತ್ತದೆ, ಅದಕ್ಕೆ ಮೊದಲ ದಿನದಿಂದಲೇ ಬೇರೆ ಔಷಧ ಕೊಡಬೇಕು. ತಾವಾಗಿ ಹೆಚ್ಚು ಕಡಿಮೆ ಮಾಡಬಾರದು, ಒಮ್ಮೆಲೇ ನಿಲ್ಲಿಸಬಾರದು ಎಂದು ಬರೆದು ಕೊಟ್ಟಿದ್ದರು. ಮೂರನೆಯ ದಿನ ಅವರು ಫೋನ್ ಮಾಡಿ, "ಅಣ್ಣ ನಿನ್ನೆ ರಾತ್ರಿ ಮಲಗಿದ" ಎಂದರು. ಅಣ್ಣ ಆಮೇಲೆ ಎರಡು ತಿಂಗಳಿದ್ದರು. ಕೊನೆ ಕೊಯ್ಲಿನ ಕಾಲಕ್ಕೆ ಜಗಲಿಗೆ ಬಂದು ಕುಳಿತು ಅಡಿಕೆ ಲೆಕ್ಕ ನೋಡುವಷ್ಟು ಆಗಿದ್ದರಂತೆ. ಅವರು ತೀರಿಕೊಂಡ ಮೇಲೆ ಉಳಿದ ಮಾತ್ರೆಗಳನ್ನು ಮನೆಯವರು ಕೊಟ್ಟವರಲ್ಲಿಗೇ ಹಿಂದಿರುಗಿಸಿ ಬಂದರು. ಅದೂ ಮಾಡಲೇಬೇಕಾದ ಕೆಲಸ.

ತರಿಸಲಾಗದಿದ್ದರೆ ಬೆಳೆಯಬಹುದೇ?

ತರಿಸುವುದು ಇಷ್ಟು ಕಷ್ಟವಾದರೆ ಹಿತ್ತಿಲಲ್ಲಿ ಒಂದು ಗಿಡ ಹಾಕಿಕೊಂಡರಾಯಿತು ಎಂದವರೂ ಇದ್ದಾರೆ. ಖಂಡಿತ ಕೂಡದು. ಎಲೆಗೆ ವಿನಾಯಿತಿ ಇದ್ದರೂ ಗಿಡಕ್ಕೆ ಇಲ್ಲ. ಒಂದೇ ಗಿಡವಾದರೂ ಬೆಳೆಸುವುದು 20ನೆಯ ಕಲಮಿನ ಅಪರಾಧ. 10 ವರ್ಷದವರೆಗೆ ಕಠಿಣ ಸೆರೆವಾಸ, 1 ಲಕ್ಷದವರೆಗೆ ದಂಡ. ಉತ್ತರಾಖಂಡದಲ್ಲಿ 2018ರಿಂದ ನಾರು ಮತ್ತು ಬೀಜಕ್ಕಾಗಿ ಅಮಲಿನ ಅಂಶ ಅತ್ಯಲ್ಪವಿರುವ ತಳಿಯನ್ನು ಪರವಾನಗಿಯ ಮೇಲೆ ಬೆಳೆಯಲು ಬಿಟ್ಟಿರುವುದು ನಿಜ. ಅದು ಆ ರಾಜ್ಯದ ಆಜ್ಞೆ, ಇಲ್ಲಿ ನಡೆಯುವುದಿಲ್ಲ.

ಇನ್ನೊಂದು ಸಂಗತಿ ನನ್ನದೇ ತಪ್ಪಿನದು. ಸುಮಾರು 15 ವರ್ಷದ ಹಿಂದೆ ನನ್ನ ತೋಟದ ಮೇಲ್ಬದಿಯಲ್ಲಿ, ಅಗಳದ ಆಚೆ, ಮೊಣಕಾಲೆತ್ತರದ ಐದಾರು ಗಿಡ ಕಂಡೆ. ಯಾರು ಹಾಕಿದ್ದೆಂದು ಅಂದಾಜಿತ್ತು. ಬಡವನ ಹೊಟ್ಟೆಯ ಮೇಲೆ ಹೊಡೆಯುವುದೇಕೆ ಎಂದು ಕಿತ್ತು ಗೊಬ್ಬರಗುಂಡಿಗೆ ಹಾಕಿ ಸುಮ್ಮನಾದೆ. ಕಾಯ್ದೆಯ 46ನೆಯ ಕಲಮಿನ ಪ್ರಕಾರ ತನ್ನ ಜಮೀನಿನಲ್ಲಿ ಇಂಥ ಗಿಡವಿರುವುದು ತಿಳಿದ ಕೂಡಲೇ ಪೊಲೀಸರಿಗೋ ಅಬಕಾರಿಯವರಿಗೋ ಹೇಳುವುದು ಜಮೀನುದಾರನ ಕರ್ತವ್ಯ, ತಿಳಿದೂ ಹೇಳದಿದ್ದರೆ ಅವನೂ ಶಿಕ್ಷೆಗೆ ಗುರಿ ಎಂದು ಈಗ ಓದಿ ತಿಳಿದೆ. ಕಾಡಂಚಿನ ತೋಟದವರು ವರ್ಷಕ್ಕೆರಡು ಸಲವಾದರೂ ಬೇಲಿಯ ಸುತ್ತ ನಡೆದು ನೋಡಿ. ಕಂಡರೆ ಮುಟ್ಟದೆ ತಿಳಿಸಿ.

ಸಂಘದ ಗಾಡಿಯ ನಿಯಮಗಳು

60ನೆಯ ಕಲಮಿನ ಪ್ರಕಾರ ಮಾದಕ ದ್ರವ್ಯ ಸಾಗಿಸಿದ ವಾಹನವನ್ನು ಸರಕಾರ ಮುಟ್ಟುಗೋಲು ಹಾಕಿಕೊಳ್ಳಬಹುದು. ಗಾಡಿಯ ಮಾಲೀಕನಿಗೂ ಚಾಲಕನಿಗೂ ಗೊತ್ತಿರಲಿಲ್ಲ, ತಕ್ಕ ಎಚ್ಚರಿಕೆಯನ್ನೂ ವಹಿಸಿದ್ದರು ಎಂದು ಮಾಲೀಕನೇ ಸಿದ್ಧಪಡಿಸಿದರೆ ಮಾತ್ರ ಅದು ಉಳಿಯುತ್ತದೆ. ನಮ್ಮಲ್ಲಿ ಮಾಲೀಕ ಎಂದರೆ ತಾವೆಲ್ಲರೂ. ಆದ್ದರಿಂದ ಆಡಳಿತ ಮಂಡಳಿಯ ಒಪ್ಪಿಗೆ ಪಡೆದು ಈ ನಿಯಮಗಳನ್ನು ಮಾಡಿದ್ದೇವೆ:

1. ಗಾಡಿಯಲ್ಲಿ ಔಷಧ ತರಿಸುವವರು ರೋಗಿಯ ಹೆಸರಿರುವ ಡಾಕ್ಟರ ಚೀಟಿಯನ್ನು ಕಚೇರಿಯಲ್ಲಿ ಕೊಡಬೇಕು. ಔಷಧದ ಹೆಸರು, ದಿನಾಂಕ ರಿಜಿಸ್ಟರಿನಲ್ಲಿ ಬರೆಯಲಾಗುತ್ತದೆ.
2. ಪರವಾನಗಿ ಇರುವ ಅಂಗಡಿಯಿಂದ ರೋಗಿಯ ಹೆಸರಿನ ಬಿಲ್ಲಿನೊಂದಿಗೆ, ಮುಚ್ಚಿದ ಲಕೋಟೆಯಲ್ಲಿ ಮಾತ್ರ ತರಲಾಗುವುದು.
3. ರೋಗಿಗೆ ಇಲ್ಲವೇ ಮೊದಲೇ ಹೆಸರು ಕೊಟ್ಟ ಮನೆಯವರೊಬ್ಬರಿಗೆ ಸಹಿ ಪಡೆದು ಕೊಡಲಾಗುವುದು. ದಾರಿಯಲ್ಲಿ ಸಿಕ್ಕ ನೆರೆಯವರ ಕೈಗೆ ಕೊಡುವುದಿಲ್ಲ.
4. ವಿಜಯಾ ಸೇರಿದ ಆಯುರ್ವೇದ ಔಷಧವನ್ನು ಗಾಡಿಯಲ್ಲಿ ತರುವುದಿಲ್ಲ. ಕೊರಿಯರಿಗೆ ಸಂಘದ ವಿಳಾಸವನ್ನೂ ಕೊಡುವಂತಿಲ್ಲ. ಸದಸ್ಯರು ತಮ್ಮ ಹೆಸರಿಗೇ ತರಿಸಿ, ಪೇಟೆಯ ಕೊರಿಯರ್ ಕಚೇರಿಯಿಂದ ತಾವೇ ಬಿಡಿಸಿಕೊಳ್ಳಬೇಕು. ಚೀಟಿ ಮತ್ತು ಬಿಲ್ಲು ಔಷಧದ ಜೊತೆಗೇ ಇರಲಿ.
5. ಲೇಬಲಿಲ್ಲದ ಬಾಟಲಿ, ಬಿಡಿ ಸೊಪ್ಪು, ಮನೆಯಲ್ಲಿ ತಯಾರಿಸಿದ ಎಣ್ಣೆ, ಪರದೇಶದ ಪಾರ್ಸೆಲು ಇವನ್ನು ಯಾರು ಹೇಳಿದರೂ ಹತ್ತಿಸುವುದಿಲ್ಲ.
6. ಮಾರ್ಫಿನ್ ಮುಂತಾದವನ್ನು ಡ್ರೈವರ್ ತರುವುದಿಲ್ಲ. ರೋಗಿಯ ಮನೆಯವರೇ ಕಾಗದಗಳೊಂದಿಗೆ ಹೋಗಿ ತರಬೇಕು. ಆದರೆ ಅಂಥ ಮನೆಯವರೊಬ್ಬರಿಗೆ ಹೋಗಲಿಕ್ಕೂ ಬರಲಿಕ್ಕೂ ಗಾಡಿಯಲ್ಲಿ ಒಂದು ಸೀಟು ಯಾವಾಗಲೂ ಇರುತ್ತದೆ. ಬಾಡಿಗೆ ಇಲ್ಲ.
7. ಸಂಶಯ ಬಂದರೆ ಬೇಡ ಎನ್ನುವ ಅಧಿಕಾರ ಡ್ರೈವರಿಗಿದೆ. ಅವನು ಬೇಡ ಎಂದಾಗ ಯಾರೂ ಬೇಸರಿಸಬಾರದು.

ಆರನೆಯ ನಿಯಮವನ್ನು ಮಂಡಳಿಯ ಸಭೆಯಲ್ಲಿ ಸೂಚಿಸಿದವರು ಆ ಜೋಯಿಡಾದ ಸದಸ್ಯರೇ. ಅಣ್ಣನ ಮಾತ್ರೆ ತರಲು ಅಂದು ಅವರು ಮಳೆಯಲ್ಲಿ ಎರಡು ಬಸ್ಸು ಬದಲಿಸಿ ಹೋಗಿ, ಕೊನೆಯ ಬಸ್ಸು ತಪ್ಪಿ, ದಾಂಡೇಲಿಯ ಬಸ್ ನಿಲ್ದಾಣದಲ್ಲಿ ರಾತ್ರಿ ಕಳೆದು ಮನೆ ಸೇರಿದ್ದರು.

ತಮ್ಮಲ್ಲಿ ಯಾರ ಮನೆಯಲ್ಲಾದರೂ ಹೀಗೆ ನೋವಿನಲ್ಲಿರುವವರು ಇದ್ದರೆ ಸಂಕೋಚವಿಲ್ಲದೆ ಕಚೇರಿಗೆ ಬಂದು ಹೇಳಿ. ಯಾವ ಕಾಗದ ಬೇಕು, ಯಾರನ್ನು ಕೇಳಬೇಕು ಎಂಬುದನ್ನು ತಿಳಿಸುವ ಕೆಲಸವನ್ನು ನಾನು ಮಾಡುತ್ತೇನೆ. ಹುಬ್ಬಳ್ಳಿಯ ಗಾಡಿ ಎಂದಿನಂತೆ ಬೆಳಿಗ್ಗೆ 6 ಗಂಟೆಗೆ ಹೊರಡುತ್ತದೆ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ